ನಳ ಎಣಿಸಿದರೋ, ನೀರು ಎಣಿಸಿದರೋ?

ಗ್ರಾಮಸಭೆಯಲ್ಲಿ ಅಧಿಕಾರಿಗಳು ಎದ್ದು ನಿಂತು "ನಿಮ್ಮ ಊರಿನಲ್ಲಿ ಶೇ 100ರಷ್ಟು ಮನೆಗಳಿಗೆ ನಳ ಸಂಪರ್ಕ ಆಗಿದೆ" ಎಂದು ಓದಿದಾಗ ಸಾಮಾನ್ಯವಾಗಿ ಎರಡೇ ಬಗೆಯ ಪ್ರತಿಕ್ರಿಯೆ ಬರುತ್ತವೆ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ. ಹಿಂದೆ ನಿಂತವರು "ಎಲ್ಲಾ ಸುಳ್ಳ ಬಿಡ್ರೀ" ಎಂದು ಟವೆಲ್ ಕೊಡವಿಕೊಂಡು ಹೊರಟುಬಿಡುತ್ತಾರೆ. ಎರಡರಿಂದಲೂ ಒಂದು ಕೊಡ ನೀರು ಹೆಚ್ಚಿಗೆ ಬರುವುದಿಲ್ಲ. ನನ್ನ ಪ್ರಕಾರ ಅಲ್ಲಿ ಯಾರಾದರೂ ಒಬ್ಬರು ಎದ್ದು ಕೇಳಬೇಕಾದ ಮಾತು ಬೇರೆಯೇ ಇದೆ: "ಸರ್, ಆ ಪಟ್ಟಿ ಕೊಡ್ರಿ. ನಾವೂ ಒಮ್ಮೆ ಎಣಿಸಿ ನೋಡ್ತೀವಿ."

ಎಣಿಸುವುದರಲ್ಲಿ ಏನಿದೆ, ಒಂದು ಎರಡು ಮೂರು ಅಷ್ಟೇ ಅಲ್ಲವೇ ಎನ್ನಬಹುದು. ಹಾಗಲ್ಲ. ಎಕ್ಸೆಲ್‌ನಲ್ಲಾಗಲಿ, ನಿಮ್ಮ ಫೋನಿನಲ್ಲಿ ಪುಕ್ಕಟೆ ಸಿಗುವ ಗೂಗಲ್ ಶೀಟ್ಸ್‌ನಲ್ಲಾಗಲಿ ಎಣಿಸಲಿಕ್ಕೆಂದೇ ಐದು ಬೇರೆ ಬೇರೆ ಸೂತ್ರಗಳಿವೆ. ಒಂದೇ ಪಟ್ಟಿಯ ಮೇಲೆ ಐದನ್ನೂ ಓಡಿಸಿದರೆ ಐದು ಬೇರೆ ಉತ್ತರ ಬರಬಹುದು, ಮತ್ತು ಐದೂ ಸರಿಯಾದ ಉತ್ತರವೇ ಆಗಿರಬಹುದು. ಅಧಿಕಾರಿ ಸುಳ್ಳು ಹೇಳಬೇಕಾದ ಅಗತ್ಯವೇ ಇಲ್ಲ. ತನಗೆ ಒಗ್ಗುವ ಎಣಿಕೆಯನ್ನು ಆರಿಸಿಕೊಂಡರೆ ಸಾಕು.

ನಳದ ವಿಷಯವನ್ನೇ ಏಕೆ ಹಿಡಿದೆ ಎಂದರೆ, ಊರವರು ಕೈ ಎತ್ತಿ ಒಪ್ಪಿದರೆ ಮಾತ್ರ ಪೂರ್ತಿಯಾಗುವ ಸರ್ಕಾರಿ ಲೆಕ್ಕ ಇದು. ಜಲಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ', 2019ರ ಆಗಸ್ಟ್ 15ರಂದು ಘೋಷಣೆಯಾಯಿತು. ಆಗ ದೇಶದಲ್ಲಿ ನಳ ಇದ್ದ ಹಳ್ಳಿ ಮನೆಗಳು ಸುಮಾರು 3.23 ಕೋಟಿ. ಈಗ ಆ ಲೆಕ್ಕ 15 ಕೋಟಿ ದಾಟಿದೆ. ಇದು ಸಣ್ಣ ಕೆಲಸವಲ್ಲ, ಅದನ್ನು ಒಪ್ಪಬೇಕು. ಆದರೆ ಒಂದು ಊರು 'ಹರ್ ಘರ್ ಜಲ್' ಆಗಿದೆ ಎಂದು ಇಲಾಖೆ ವರದಿ ಮಾಡುವುದು ಒಂದು ಹಂತ, ಗ್ರಾಮಸಭೆ ಅದನ್ನು ಚರ್ಚಿಸಿ ಠರಾವು ಮಾಡಿ ದೃಢೀಕರಿಸುವುದು ಇನ್ನೊಂದು ಹಂತ. ಎರಡನೆಯದು ನಿಮ್ಮ ಕೈಯಲ್ಲಿದೆ. ಎಲ್ಲ ಮನೆ, ಶಾಲೆ, ಅಂಗನವಾಡಿಗೂ ನೀರು ಬರುತ್ತಿದೆ ಎಂದು ನೀವು ಹೇಳಿದರೆ ಮಾತ್ರ ಆ ಪ್ರಮಾಣಪತ್ರ. ಠರಾವು ಆದ ಮೇಲೆ "ನಮ್ಮ ಓಣಿಗೆ ನೀರೇ ಬರಂಗಿಲ್ರಿ" ಎಂದು ನಮ್ಮಂಥ ವರದಿಗಾರರಿಗೆ ಫೋನ್ ಮಾಡಿದರೆ, ನಾವು ಹೋಗಿ ಕೇಳಿದ ಕೂಡಲೇ ಎದುರಿಗಿಡುವುದು ಅದೇ ಠರಾವಿನ ಪ್ರತಿಯನ್ನು.

ಇನ್ನು 'ನಳ ಇದೆ' ಎಂದರೆ ಏನು? ಯೋಜನೆಯ ನಿಯಮವೇ ಇದಕ್ಕೆ ಉತ್ತರ ಹೇಳಿದೆ. ಗೋಡೆಗೆ ಒಂದು ಪೈಪು, ತುದಿಗೊಂದು ಕಾಕ್ ಇದ್ದರೆ ಸಾಲದು. ಕಾರ್ಯನಿರತ ನಳ ಎನ್ನಬೇಕಾದರೆ ಮೂರು ಇರಬೇಕು: ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು, ಕುಡಿಯಲು ಯೋಗ್ಯವಾದ ಗುಣಮಟ್ಟ, ಮತ್ತು ನಿಯಮಿತವಾಗಿ ಬರಬೇಕು. 55 ಲೀಟರ್ ಎಂದರೆ ನಮ್ಮ ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಹೆಚ್ಚುಕಡಿಮೆ ನಾಲ್ಕು ಕೊಡ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ಹದಿನೆಂಟು ಕೊಡಕ್ಕಿಂತ ಮೇಲೆ. ಮೂರು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಒಂದೇ ಸಲಕ್ಕೆ 55 ಕೊಡ ಹಿಡಿದಿಡಬೇಕು. ಅಷ್ಟು ಕೊಡ, ಬ್ಯಾರಲ್ಲು, ಸಿಂಟೆಕ್ಸು ಯಾರ ಮನೆಯಲ್ಲಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಯಾವ ಪಟ್ಟಿಯೂ ಕೇಳುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ತಿಳಿಯಲು ಸುಲಭವಾಗಲೆಂದು ಹತ್ತು ಮನೆಗಳ ಒಂದು ಓಣಿಯನ್ನು ನಾನೇ ಕಲ್ಪಿಸಿಕೊಂಡಿದ್ದೇನೆ. ಯಾವ ಊರಿನದೂ ಅಲ್ಲ, ಆದರೆ ಯಾವ ಊರಿನದೂ ಆಗಬಹುದು. ಶೀಟಿನ ಮೊದಲ ಸಾಲಿನಲ್ಲಿ ತಲೆಬರಹ, ಎರಡನೇ ಸಾಲಿನಿಂದ ಹನ್ನೊಂದನೇ ಸಾಲಿನವರೆಗೆ ಹತ್ತು ಮನೆ. ಎ ಕಾಲಂನಲ್ಲಿ ಮನೆ ಸಂಖ್ಯೆ. ಬಿ ಕಾಲಂನಲ್ಲಿ ಮನೆಯಲ್ಲಿರುವ ಜನ. ಸಿ ಕಾಲಂನಲ್ಲಿ ನಳ 'ಇದೆ' ಅಥವಾ 'ಇಲ್ಲ'. ಡಿ ಕಾಲಂನಲ್ಲಿ ಕಳೆದ ವಾರ ನೀರು ಬಂದ ದಿನ. ಇ ಕಾಲಂನಲ್ಲಿ ತಲೆಗೆ ದಿನಕ್ಕೆ ಎಷ್ಟು ಲೀಟರ್ ಬಿತ್ತು ಎಂಬ ಲೆಕ್ಕ. ಎಫ್ ಕಾಲಂನಲ್ಲಿ ನೀರು ಕುಡಿಯಲು ಯೋಗ್ಯವೇ, 'ಹೌದು' ಅಥವಾ 'ಇಲ್ಲ'. ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೋನಿನಲ್ಲಿ ಹೊಡೆಯುವಾಗ ಸೂತ್ರದ ಹೆಸರು ಮತ್ತು ಕಾಲಂ ಅಕ್ಷರ ಇಂಗ್ಲಿಷಿನಲ್ಲಿರಬೇಕು, ಎಲ್ಲಕ್ಕೂ ಮೊದಲು ಸಮ ಚಿಹ್ನೆ ಇರಬೇಕು.

ಓಣಿಯ ಸ್ಥಿತಿ ಹೀಗಿದೆ. ಒಂಬತ್ತು ಮನೆಗೆ ನಳ ಹಾಕಿದ್ದಾರೆ, ಹತ್ತನೆಯದಕ್ಕೆ ಹಾಕಿಲ್ಲ. ಮೊದಲ ಮೂರು ಮನೆಗೆ ಎಲ್ಲವೂ ಸರಿಯಾಗಿದೆ. ನಾಲ್ಕನೆಯದಕ್ಕೆ ನೀರು ಸಾಕಷ್ಟು ಬರುತ್ತದೆ, ಆದರೆ ಕುಡಿಯಲು ಆಗುವುದಿಲ್ಲ. ಐದನೆಯದಕ್ಕೆ ವಾರಕ್ಕೆ ಮೂರು ದಿನ ಬರುತ್ತದೆ, ಆದರೆ ಕಡಿಮೆ, ಅದೂ ಕುಡಿಯಲು ಬಾರದ್ದು. ಆರನೆಯದು ಓಣಿಯ ಎತ್ತರದ ಮನೆ, ವಾರಕ್ಕೊಂದು ದಿನ ಸಣ್ಣಗೆ ತೊಟ್ಟಿಕ್ಕುತ್ತದೆ, ಆ ನೀರೂ ಕುಡಿಯುವಂಥದ್ದಲ್ಲ. ಏಳು ಮತ್ತು ಎಂಟಕ್ಕೆ ನಳವಿದೆ, ನೀರು ಸೊನ್ನೆ. ಒಂಬತ್ತನೆಯ ಮನೆಗೆ ಬೀಗ, ಅವರು ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ, ಹಾಗಾಗಿ ಡಿ ಕಾಲಂ ಖಾಲಿ. ಹತ್ತನೆಯ ಮನೆಗೆ ನಳವೇ ಇಲ್ಲವಲ್ಲ, ಬರೆದುಕೊಳ್ಳುವವರು ಅಲ್ಲಿ ಒಂದು ಅಡ್ಡಗೆರೆ ಎಳೆದಿದ್ದಾರೆ.

ಮೊದಲ ಸೂತ್ರ ಕೌಂಟ್‌ಎ. =ಕೌಂಟ್‌ಎ(ಸಿ2:ಸಿ11) ಎಂದು ಬರೆದರೆ, ಆ ಹತ್ತು ಚೌಕಗಳಲ್ಲಿ ಏನಾದರೂ ಬರೆದಿರುವಂಥವು ಎಷ್ಟು ಎಂದು ಹೇಳುತ್ತದೆ. ಉತ್ತರ 10. ಅದಕ್ಕೆ 'ಇದೆ'ಯೂ ಒಂದೇ, 'ಇಲ್ಲ'ವೂ ಒಂದೇ. ಏನೋ ಬರೆದಿದೆ, ಎಣಿಸಿತು. ನಳ ಇಲ್ಲದ ಮನೆಯೂ ಸೇರಿ ಹತ್ತಕ್ಕೆ ಹತ್ತು! ಇಷ್ಟು ದಡ್ಡ ಲೆಕ್ಕವನ್ನು ಯಾರು ಮಾಡುತ್ತಾರೆ ಎನ್ನಬೇಡಿ. "ಹತ್ತು ಮನೆಗಳ ಸಮೀಕ್ಷೆ ಪೂರ್ಣ" ಎಂಬ ಸಾಲು ಎರಡು ಟೇಬಲ್ ದಾಟುವಷ್ಟರಲ್ಲಿ "ಹತ್ತು ಮನೆ ಪೂರ್ಣ" ಎಂದಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಎರಡನೆಯದು ಕೌಂಟ್‌ಇಫ್. ಇದಕ್ಕೆ ಒಂದು ಷರತ್ತು ಕೊಡಬೇಕು. =ಕೌಂಟ್‌ಇಫ್(ಸಿ2:ಸಿ11,"ಇದೆ") ಎಂದರೆ 9. ಇದು ನಳದ ಎಣಿಕೆ. ಪ್ರಗತಿ ವರದಿಗಳಲ್ಲಿ ಬಹುಪಾಲು ನಿಲ್ಲುವುದು ಇಲ್ಲಿಗೇ.

ಮೂರನೆಯದು ಬರೀ ಕೌಂಟ್. ಇದು ಅಂಕಿಗಳನ್ನು ಮಾತ್ರ ಎಣಿಸುತ್ತದೆ, ಅಕ್ಷರವನ್ನು ಮುಟ್ಟುವುದಿಲ್ಲ. =ಕೌಂಟ್(ಡಿ2:ಡಿ11) ಎಂದರೆ 8. ಬೀಗದ ಮನೆಯ ಖಾಲಿ ಚೌಕ ಬಿಟ್ಟುಹೋಯಿತು, ಅಡ್ಡಗೆರೆಯೂ ಬಿಟ್ಟುಹೋಯಿತು. ಆದರೆ ಸೊನ್ನೆ? ಸೊನ್ನೆಯೂ ಅಂಕಿಯೇ. ನೀರೇ ಬಾರದ ಏಳನೇ ಮತ್ತು ಎಂಟನೇ ಮನೆ ಈ ಎಂಟರೊಳಗೆ ಸೇರಿವೆ. "ಎಂಟು ಮನೆಗಳಲ್ಲಿ ನೀರು ಪೂರೈಕೆಯ ದಿನ ದಾಖಲಾಗಿದೆ" ಎಂದರೆ ಮಾತು ನಿಜ.

ಸೊನ್ನೆ ಬಿಡಬೇಕಾದರೆ =ಕೌಂಟ್‌ಇಫ್(ಡಿ2:ಡಿ11,">0") ಎನ್ನಬೇಕು. ಈಗ ಉತ್ತರ 6. ವಾರಕ್ಕೆ ಕನಿಷ್ಠ ಮೂರು ದಿನ ಬಿಡುತ್ತೇವೆ ಎಂದು ಪಂಚಾಯಿತಿ ಹೇಳಿದೆ ಎಂದುಕೊಳ್ಳಿ, ಆಗ ">=3" ಎಂದು ಬರೆದರೆ 5.

ಕೊನೆಯದು, ನನ್ನ ಲೆಕ್ಕದಲ್ಲಿ ಊರಿನವರಿಗೆ ಎಲ್ಲಕ್ಕಿಂತ ಬೇಕಾದದ್ದು, ಕೌಂಟ್‌ಇಫ್ಸ್. ಕೊನೆಯಲ್ಲಿ ಒಂದು 'ಎಸ್' ಅಕ್ಷರ ಹೆಚ್ಚಿಗೆ, ಅಷ್ಟೇ. ಒಂದರ ಬದಲು ಹಲವು ಷರತ್ತು ಕೊಡಬಹುದು, ಎಲ್ಲವನ್ನೂ ಪೂರೈಸಿದ ಸಾಲು ಮಾತ್ರ ಎಣಿಕೆಗೆ ಬರುತ್ತದೆ. =ಕೌಂಟ್‌ಇಫ್ಸ್(ಡಿ2:ಡಿ11,">=3",ಇ2:ಇ11,">=55",ಎಫ್2:ಎಫ್11,"ಹೌದು"). ಹೇಳಿದಷ್ಟು ದಿನ ಬರಬೇಕು, ತಲೆಗೆ 55 ಲೀಟರ್ ಇರಬೇಕು, ಕುಡಿಯಲು ಬರಬೇಕು. ಉತ್ತರ 3.

ಹತ್ತು, ಒಂಬತ್ತು, ಎಂಟು, ಆರು, ಐದು, ಮೂರು. ಓಣಿ ಒಂದೇ, ಪಟ್ಟಿ ಒಂದೇ. ಇವುಗಳಲ್ಲಿ ಯೋಜನೆಯ ಸ್ವಂತ ನಿಯಮಕ್ಕೆ ಸರಿಹೊಂದುವ ಅಂಕಿ ಮೂರು ಮಾತ್ರ. ನಾವೇನೋ ಹೊಸ ಬೇಡಿಕೆ ಇಡುತ್ತಿಲ್ಲ, ಅವರ ಪುಸ್ತಕದಲ್ಲಿರುವ ಷರತ್ತನ್ನೇ ಅವರ ಪಟ್ಟಿಗೆ ಹಚ್ಚುತ್ತಿದ್ದೇವೆ.

ಇದು ಕಲ್ಪನೆಯ ಓಣಿ, ನಿಜದಲ್ಲಿ ಇಷ್ಟು ವ್ಯತ್ಯಾಸ ಬರುತ್ತದೆಯೇ ಎಂದು ಕೇಳುವವರಿಗೆ ಕೇಂದ್ರ ಸರ್ಕಾರದ ಅಂಕಿಗಳೇ ಇವೆ. 2022ರಲ್ಲಿ ನಳಗಳು ಕೆಲಸ ಮಾಡುತ್ತಿವೆಯೇ ಎಂದು ದೇಶದಾದ್ಯಂತ ಮಾದರಿ ಸಮೀಕ್ಷೆ ಮಾಡಿಸಲಾಯಿತು. ಶೇ 86 ಮನೆಗಳಲ್ಲಿ ನಳ ಕೆಲಸ ಮಾಡುತ್ತಿತ್ತು. ಅಂಥ ಮನೆಗಳಲ್ಲಿ ಸಾಕಷ್ಟು ನೀರು ಶೇ 85ಕ್ಕೆ, ನಿಯಮಿತವಾಗಿ ಶೇ 80ಕ್ಕೆ, ಗುಣಮಟ್ಟದ ನೀರು ಶೇ 87ಕ್ಕೆ. ಬಿಡಿಬಿಡಿಯಾಗಿ ಓದಿದರೆ ಎಲ್ಲವೂ ಎಂಬತ್ತರ ಮೇಲೆ, ಫಸ್ಟ್ ಕ್ಲಾಸ್ ಪಾಸು. ಮೂರೂ ಒಟ್ಟಿಗೆ ಸರಿಯಿದ್ದ, ಪೂರ್ಣ ಕಾರ್ಯನಿರತ ನಳವಿದ್ದ ಮನೆ ಎಷ್ಟು? ಸುಮಾರು ಶೇ 62. ಕೌಂಟ್‌ಇಫ್‌ಗೂ ಕೌಂಟ್‌ಇಫ್ಸ್‌ಗೂ ನಡುವೆ ಇರುವ ದೂರ ಇಷ್ಟು. ನೀರು ಸಾಕಷ್ಟು ಬಾರದ ಮನೆ ಒಂದು, ಕೆಟ್ಟ ನೀರು ಬರುವ ಮನೆ ಇನ್ನೊಂದು. ಪ್ರತಿ ಬಿಡಿ ಎಣಿಕೆಯಲ್ಲೂ ಸಣ್ಣದಾಗಿ ಕಾಣುವ ಕೊರತೆ ಒಟ್ಟಿಗೆ ನೋಡಿದಾಗ ದೊಡ್ಡದಾಗುತ್ತದೆ.

ಇ ಕಾಲಂ ತುಂಬುವುದು ಹೇಗೆ ಎಂದು ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಏಕೆಂದರೆ ಯಾವ ಮನೆಯವರೂ ಲೀಟರಿನಲ್ಲಿ ಉತ್ತರ ಹೇಳುವುದಿಲ್ಲ. ಕೊಡದಲ್ಲೇ ಕೇಳಿ. ಐದು ಜನರ ಮನೆ, ವಾರಕ್ಕೆ ಮೂರು ದಿನ ನೀರು, ಪ್ರತಿ ಸಲ ನಲವತ್ತು ಕೊಡ ಹಿಡಿಯುತ್ತಾರೆ. 40 ಕೊಡ, 15 ಲೀಟರ್, 3 ದಿನ ಗುಣಿಸಿದರೆ ವಾರಕ್ಕೆ 1800 ಲೀಟರ್. ಏಳರಿಂದ ಭಾಗಿಸಿದರೆ ದಿನಕ್ಕೆ 257, ಐದರಿಂದ ಭಾಗಿಸಿದರೆ ತಲೆಗೆ 51. ನಲವತ್ತು ಕೊಡ ಎಂದಾಗ ಕೇಳಿದವರಿಗೆ ಬೇಕಾದಷ್ಟು ಅನ್ನಿಸುತ್ತದೆ, ಆದರೂ 55ಕ್ಕೆ ಮುಟ್ಟಲಿಲ್ಲ. ದನ, ಎಮ್ಮೆ ಕುಡಿಯುವುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ನೆನಪಿರಲಿ.

ಎಫ್ ಕಾಲಂ ಇನ್ನೂ ಕಷ್ಟದ್ದು. ನಮ್ಮ ಕೊಪ್ಪಳ, ಗದಗ, ರಾಯಚೂರು ಕಡೆ ಫ್ಲೋರೈಡ್ ಕಣ್ಣಿಗೂ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಹಾಗಾಗಿ 'ರುಚಿ ಚಲೋ ಐತಿ' ಎಂಬ ಉತ್ತರಕ್ಕೆ 'ಹೌದು' ಎಂದು ಬರೆಯಬೇಡಿ. ಪ್ರತಿ ಊರಿನಲ್ಲಿ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಎಂದು ಯೋಜನೆಯಲ್ಲೇ ಇದೆ. ನಿಮ್ಮ ಊರಿನ ಆ ಐವರು ಯಾರು ಎಂದು ಪಂಚಾಯಿತಿಯಲ್ಲಿ ವಿಚಾರಿಸಿ. ಪರೀಕ್ಷೆಯೇ ಆಗಿಲ್ಲವೆಂದರೆ ಚೌಕ ಖಾಲಿ ಬಿಡಿ.

ಖಾಲಿ ಬಿಡುವುದರ ಬಗ್ಗೆ ನನಗೆ ಸ್ವಲ್ಪ ಹಟವಿದೆ. ಸೊನ್ನೆ ಎಂದರೆ ಕೇಳಿದೆವು, ನೀರು ಬಂದಿಲ್ಲ. ಖಾಲಿ ಎಂದರೆ ಕೇಳಿಯೇ ಇಲ್ಲ. ಎರಡೂ ಬೇರೆ. ಬೀಗ ಹಾಕಿದ ಮನೆಗೆ ಊಹೆಯಿಂದ 0 ಎಂದೋ 3 ಎಂದೋ ತುಂಬಿಬಿಟ್ಟರೆ ಆಮೇಲೆ ಯಾವ ಸೂತ್ರವೂ ಅದನ್ನು ಹಿಡಿಯಲಾರದು. =ಕೌಂಟ್‌ಬ್ಲ್ಯಾಂಕ್(ಡಿ2:ಡಿ11) ಎಂಬ ಸೂತ್ರ ಇರುವುದೇ ಖಾಲಿ ಚೌಕ ಎಣಿಸಲು. ನಮ್ಮ ಓಣಿಯಲ್ಲಿ ಅದರ ಉತ್ತರ 1. ಸರ್ಕಾರಿ ಪಟ್ಟಿ ಕೈಗೆ ಬಂದಾಗ ನಾನು ಮೊದಲು ಓಡಿಸುವ ಸೂತ್ರ ಇದೇ. ಒಂದೂ ಖಾಲಿ ಇಲ್ಲದ ಪಟ್ಟಿ ಕಂಡರೆ ನನಗೆ ಅನುಮಾನ ಹೆಚ್ಚು. ಇಡೀ ಊರು ಒಂದೇ ವಾರದಲ್ಲಿ ಮನೆಯಲ್ಲೇ ಸಿಕ್ಕಿತೇ?

ಇನ್ನು ಕನ್ನಡದ್ದೇ ಆದ ಕೆಲವು ತೊಡಕುಗಳಿವೆ. ಇವನ್ನು ಯಾವ ಇಂಗ್ಲಿಷ್ ವಿಡಿಯೊದಲ್ಲೂ ಹೇಳಿಕೊಡುವುದಿಲ್ಲ. ಕೌಂಟ್‌ಇಫ್ ಬಹಳ ನಿಯತ್ತಿನ ಆಳು, ಹೇಳಿದ್ದನ್ನು ಮಾತ್ರ ಮಾಡುತ್ತದೆ. 'ಇದೆ' ಎಂದು ಎಣಿಸಲು ಹೇಳಿದರೆ 'ಐತಿ' ಎಂದು ಬರೆದದ್ದನ್ನು ಎಣಿಸುವುದಿಲ್ಲ, 'ಇದೆ' ಆದ ಮೇಲೆ ಒಂದು ಸ್ಪೇಸ್ ಬಿದ್ದಿದ್ದರೂ ಎಣಿಸುವುದಿಲ್ಲ. ಕಣ್ಣಿಗೆ ಎರಡೂ ಒಂದೇ. '3 ದಿನ' ಎಂದು ಬರೆದ ಚೌಕ ಅಂಕಿಯಾಗಿ ಉಳಿಯುವುದಿಲ್ಲ, ಅಕ್ಷರವಾಗುತ್ತದೆ. ಆ ಮನೆ ">=3" ಲೆಕ್ಕದಿಂದ ಜಾರಿಹೋಯಿತು ಎಂದೇ ಅರ್ಥ.

ಇದಕ್ಕೆ ನಕ್ಷತ್ರ ಚಿಹ್ನೆಯ ಉಪಾಯವಿದೆ ಎಂದು ಬಲ್ಲವರು ಹೇಳಿಯಾರು. "ಬರ*" ಎಂದು ಕೊಟ್ಟರೆ 'ಬರ' ಎಂದು ಶುರುವಾಗುವ ಎಲ್ಲವೂ ಎಣಿಕೆಗೆ ಬರುತ್ತವೆ. 'ಬರುತ್ತದೆ', 'ಬರ್ತದ', 'ಬರತೈತಿ' ಎಲ್ಲ ಸೇರಿತು, ಚಲೋ ಆಯಿತು. ಆದರೆ 'ಬರಲ್ಲ', 'ಬರಂಗಿಲ್ಲ', 'ಬರೋದೇ ಇಲ್ಲ'? ಅವೂ 'ಬರ'ದಿಂದಲೇ ಶುರುವಾಗುತ್ತವೆ. ನೀರು ಬಾರದ ಮನೆಯೆಲ್ಲ ನೀರು ಬರುವ ಪಟ್ಟಿಗೆ! ಇಂಗ್ಲಿಷಿನಲ್ಲಿ 'ನೋ' ಮುಂದೆ ಬರುತ್ತದೆ, ನಮ್ಮಲ್ಲಿ 'ಇಲ್ಲ' ಹಿಂದೆ ಕೂರುತ್ತದೆ. ಯಂತ್ರಕ್ಕೆ ಅದು ಗೊತ್ತಿಲ್ಲ. ಅದಕ್ಕೇ ನೀವು ಪಟ್ಟಿ ಮಾಡುವಾಗ ಉತ್ತರವನ್ನು ಬಾಯಿಗೆ ಬಂದಂತೆ ಬರೆಯಲು ಬಿಡಬೇಡಿ. 'ಹೌದು', 'ಇಲ್ಲ' ಎಂಬ ಎರಡೇ ಆಯ್ಕೆಯ ಡ್ರಾಪ್‌ಡೌನ್ ಇಡಿ. ಅದು ಗೊತ್ತಾಗದಿದ್ದರೆ 1 ಮತ್ತು 0 ಬರೆಯಿರಿ.

ಸರ್ಕಾರಿ ಕಚೇರಿಯಿಂದ ಬಂದ ಹಳೆಯ ಫೈಲಾದರೆ ಮತ್ತೊಂದು ಗೋಳು. ನುಡಿ, ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿ ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತದೆ. ಆ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡದ್ದು ಫಾಂಟಿನ ವೇಷ ಮಾತ್ರ. ನೀವು ಯೂನಿಕೋಡಿನಲ್ಲಿ 'ಇದೆ' ಎಂದು ಹುಡುಕಿದರೆ ಉತ್ತರ ಸೊನ್ನೆ. ಹೆದರಬೇಡಿ, ಪಟ್ಟಿಯಲ್ಲಿ ನಳವೇ ಇಲ್ಲ ಎಂದು ತೀರ್ಮಾನಿಸಲೂ ಬೇಡಿ. ಯೂನಿಕೋಡಿಗೆ ಪರಿವರ್ತಿಸಿ ಆಮೇಲೆ ಎಣಿಸಿ.

ಮರೆಯಾದ ಸಾಲುಗಳ ಬಗ್ಗೆಯೂ ಎಚ್ಚರ. ಫಿಲ್ಟರ್ ಹಾಕಿ ಒಂದು ವಾರ್ಡ್ ಮಾತ್ರ ಕಾಣುವಂತೆ ಮಾಡಿದರೂ ಕೌಂಟ್‌ಎ ಮರೆಯಲ್ಲಿರುವ ಸಾಲುಗಳನ್ನೂ ಸೇರಿಸಿಯೇ ಎಣಿಸುತ್ತದೆ. ಕಣ್ಣಿಗೆ ಕಾಣುವಷ್ಟೇ ಬೇಕೆಂದರೆ =ಸಬ್‌ಟೋಟಲ್(103,ಎ2:ಎ11) ಎನ್ನಬೇಕು. ಇನ್ನು ಒಂದೇ ಕುಟುಂಬದ ನಾಲ್ಕು ಜನರ ಹೆಸರಿನ ಎದುರು ಮನೆ ಸಂಖ್ಯೆಯ ನಾಲ್ಕು ಚೌಕ ಕೂಡಿಸಿ ಒಂದೇ ಮಾಡಿದ್ದರೆ, ಆ ಸಂಖ್ಯೆ ಮೇಲಿನ ಚೌಕದಲ್ಲಿ ಮಾತ್ರ ಇರುತ್ತದೆ. ಆ ಕಾಲಂ ಎಣಿಸಿದರೆ ಮನೆ ಸಿಗುತ್ತವೆ, ಹೆಸರಿನ ಕಾಲಂ ಎಣಿಸಿದರೆ ತಲೆ ಸಿಗುತ್ತವೆ. "ಫಲಾನುಭವಿಗಳು 400" ಎಂದರೆ ಮನೆಯೋ ತಲೆಯೋ ಎಂದು ಕೇಳದೆ ಪತ್ರಿಕೆಗೆ ಕಳಿಸುವುದು ನಮ್ಮ ಕಸುಬಿನಲ್ಲಿ ತೀರಾ ಸಾಮಾನ್ಯ. ಪ್ರೆಸ್ ನೋಟಿನಲ್ಲಿ ಬಂದ ಅಂಕಿ ಹಾಗೇ ತಲೆಬರಹವಾಗುತ್ತದೆ. ಸಾಲಿಗಿಷ್ಟು ಎಂದು ದುಡಿಯುವ ಸ್ಟ್ರಿಂಗರುಗಳಿಗೆ ಪಟ್ಟಿ ಎಣಿಸುವ ಹೊತ್ತಿಗೆ ಯಾರೂ ಸಂಬಳ ಕೊಡುವುದಿಲ್ಲ, ಅದೂ ನಿಜ.

ಪಟ್ಟಿಯಲ್ಲಿ ಇಲ್ಲದ್ದನ್ನು ಯಾವ ಸೂತ್ರವೂ ಎಣಿಸುವುದಿಲ್ಲ. ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೊರೊನಾ ಪ್ರಕರಣಗಳ ಲೆಕ್ಕದಲ್ಲಿ 15,841 ಪ್ರಕರಣ ಬಿಟ್ಟುಹೋಗಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಅವರು ಬಳಸುತ್ತಿದ್ದ ಹಳೆಯ ಎಕ್ಸೆಲ್ ಮಾದರಿಯ ಫೈಲಿನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕದ್ದು ಸದ್ದಿಲ್ಲದೆ ಉದುರಿಹೋಗಿತ್ತು. ನಮ್ಮ ಊರಿನ ಪಟ್ಟಿಗೆ ಅಷ್ಟು ಸಾಲು ಬೇಕಾಗುವುದಿಲ್ಲ. ಆದರೆ ಊರಾಚೆಯ ತಾಂಡಾ, ಹೊಲದಲ್ಲಿ ಮನೆ ಕಟ್ಟಿಕೊಂಡವರು, ಹಕ್ಕುಪತ್ರ ಇಲ್ಲದ ಗುಡಿಸಲಿನವರು ಮೊದಲೇ ಪಟ್ಟಿಗೆ ಸೇರಿರದಿದ್ದರೆ ಶೇಕಡಾ ನೂರು ಸಾಧಿಸುವುದು ಬಹಳ ಸುಲಭ. ಸಾಲುಗಳನ್ನು ಓಣಿಯ ಮನೆಗಳ ಜೊತೆ ಹೋಲಿಸಿ ನೋಡಬೇಕಾದವರು ಆ ಓಣಿಯಲ್ಲಿ ಓಡಾಡುವವರೇ.

ಪಟ್ಟಿ ಸಿಗುವುದು ಹೇಗೆ? ಕೇಳಿದರೆ ಸಾಮಾನ್ಯವಾಗಿ ಪಿಡಿಎಫ್ ಕೊಡುತ್ತಾರೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಓರೆಯಾಗಿ ತೆಗೆದ ಫೋಟೊ. ಅದರ ಮೇಲೆ ಸೂತ್ರ ಓಡುವುದಿಲ್ಲ. ಕೇಳುವಾಗಲೇ 'ಎಕ್ಸೆಲ್ ರೂಪದಲ್ಲಿ' ಎಂದು ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರ 2(ಜೆ) ಕಲಮು ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಪಡೆಯುವ ಹಕ್ಕನ್ನು ಕೊಡುತ್ತದೆ. 7(9)ನೇ ಕಲಮಿನ ಪ್ರಕಾರ, ಕಚೇರಿಗೆ ವಿಪರೀತ ಹೊರೆಯಾಗದಿದ್ದರೆ, ಕೇಳಿದ ರೂಪದಲ್ಲೇ ಮಾಹಿತಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದಗಳ ಒಳಗಿರಬೇಕು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಿಪಿಎಲ್ ಕುಟುಂಬದವರಿಗೆ ಶುಲ್ಕವಿಲ್ಲ. "ಶೇಕಡಾ ಎಷ್ಟು ಮನೆಗೆ ನಳ ಆಗಿದೆ" ಎಂದು ಕೇಳಬೇಡಿ, ಒಂದೇ ಅಂಕಿ ಬರೆದು ಕೈ ತೊಳೆದುಕೊಳ್ಳುತ್ತಾರೆ. ಮನೆವಾರು ಪಟ್ಟಿ ಕೇಳಿ.

ಬಂದ ಪಟ್ಟಿಯಲ್ಲಿ ಒಂದೇ ಮನೆ ಎರಡು ಸಲ ಇದೆಯೇ ಎಂದು ನೋಡಲು, ಪಕ್ಕದ ಖಾಲಿ ಕಾಲಂನಲ್ಲಿ =ಕೌಂಟ್‌ಇಫ್(ಎ$2:ಎ$11,ಎ2) ಎಂದು ಬರೆದು ಕೆಳಗಿನವರೆಗೆ ಎಳೆಯಿರಿ. ಒಂದಕ್ಕಿಂತ ಹೆಚ್ಚು ಬಂದ ಸಾಲು ಎರಡೆರಡು ಸಲ ಇದೆ ಎಂದರ್ಥ. ಇಲ್ಲೊಂದು ಕಿವಿಮಾತು, ನೀರಿಗಲ್ಲ, ಬೆಳೆ ಪರಿಹಾರದಂಥ ಪಟ್ಟಿಗೆ. ಬ್ಯಾಂಕ್ ಖಾತೆ ಸಂಖ್ಯೆಯ ಮೇಲೆ ಇದೇ ಸೂತ್ರ ಓಡಿಸಿ "ಒಂದೇ ಖಾತೆಗೆ ಎರಡು ಸಲ ದುಡ್ಡು" ಎಂದು ಕೂಗಬೇಡಿ. ಎಕ್ಸೆಲ್ ಅಂಕಿಗಳಲ್ಲಿ ಮೊದಲ 15ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. 16 ಅಂಕಿಯ ಎರಡು ಖಾತೆಗಳು ಕೊನೆಯ ಅಂಕಿಯಲ್ಲಿ ಮಾತ್ರ ಬೇರೆಯಾಗಿದ್ದರೆ ಕೌಂಟ್‌ಇಫ್ ಅವೆರಡೂ ಒಂದೇ ಎನ್ನುತ್ತದೆ. ಏನೂ ತಪ್ಪು ಮಾಡದ ರೈತನ ಮೇಲೆ ಊರೆಲ್ಲ ಆರೋಪ ಹೊರಿಸಿದಂತಾಗುತ್ತದೆ. ಖಾತೆ ಸಂಖ್ಯೆ ಅಕ್ಷರರೂಪದಲ್ಲಿ ಇದ್ದರೆ ಷರತ್ತಿನ ಕೊನೆಗೆ &"*" ಸೇರಿಸಿ, ಆಗ ಪೂರ್ತಿ ಹೋಲಿಸುತ್ತದೆ.

ನಮ್ಮ ಕಡೆಯವರೂ ಎಣಿಕೆಯಲ್ಲಿ ಸಾಚಾ ಏನಲ್ಲ. ಆ ಓಣಿಯನ್ನೇ ಮತ್ತೆ ನೋಡಿ. ನೀರು ಬರುವ ಆರು ಮನೆಗಳಲ್ಲಿ ನೀರು ಸಾಲದ ಮನೆ ಎರಡು, ಕುಡಿಯಲು ಬಾರದ ಮನೆ ಮೂರು. ಧರಣಿ ಕೂತವರು ಎರಡಕ್ಕೆ ಮೂರು ಕೂಡಿಸಿ "ಐದು ಮನೆಗೆ ತೊಂದರೆ" ಎಂದು ಮನವಿ ಬರೆಯುತ್ತಾರೆ. ಐದು ಮತ್ತು ಆರನೇ ಮನೆ ಎರಡೂ ಕಡೆ ಸೇರಿವೆ, ತೊಂದರೆ ಇರುವುದು ಮೂರೇ ಮನೆಗೆ. ಎಂಜಿನಿಯರ್ ಬಂದು ಈ ಒಂದು ತಪ್ಪು ಹಿಡಿದರೆ ಸಾಕು, ನೀರೇ ಬಾರದ ಏಳು, ಎಂಟನೇ ಮನೆಯ ನಿಜವಾದ ದೂರೂ ಅದರ ಜೊತೆ ಕೊಚ್ಚಿಹೋಗುತ್ತದೆ.

ಈ ಕೆಲಸ ಯಾರು ಮಾಡಬೇಕು ಎಂದರೆ ನನ್ನ ಕಣ್ಣು ಹೋಗುವುದು ಊರಿನ ಪದವೀಧರ ಹುಡುಗರ ಕಡೆಗಲ್ಲ, ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳ ಕಡೆಗೆ. ಮುಖ್ಯ ಪುಸ್ತಕ ಬರಹಗಾರ್ತಿಯರು ಸಂಘಗಳ ಉಳಿತಾಯ, ಸಾಲ, ಕಂತು ಎಲ್ಲವನ್ನೂ ಸಾಲು ಕಾಲಂಗಳಲ್ಲಿ ಬರೆದು ರೂಢಿಯಾದವರು. ನೀರಿಗಾಗಿ ಕಾಯುವವರೂ ಅವರೇ, ನಾಲ್ಕು ಗಂಟೆಗೆ ಎದ್ದು ಕೊಡ ಸಾಲು ಹಚ್ಚುವವರೂ ಅವರೇ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಯೋಜನೆ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಸಹಿಗಳಂತೂ ಇರುತ್ತವೆ. ಅವರಲ್ಲಿ ಇಬ್ಬರ ಕೈಯಲ್ಲಿ ಈ ಶೀಟ್ ಇದ್ದರೆ ಸಭೆಯಲ್ಲಿ ನಡೆಯುವ ಮಾತೇ ಬೇರೆಯಾಗುತ್ತದೆ. "ತಂಗೀ, ನಿನಗೇನು ಗೊತ್ತು" ಎಂದವರಿಗೆ ಏಳನೇ ಮನೆಯ ಸಾಲಿನ ಸೊನ್ನೆ ತೋರಿಸಬಹುದು.

ಶೀಟಿನಲ್ಲಿ ಹೆಸರು, ಫೋನ್ ನಂಬರ್, ಆಧಾರ್, ಜಾತಿ ಯಾವುದೂ ಬೇಡ. ಮನೆ ಸಂಖ್ಯೆ ಸಾಕು. ನೀರು ಎಣಿಸಲು ಹೋಗಿ ಊರವರ ಗುಟ್ಟನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಾಜು ಹಾಕಿದಂತಾಗಬಾರದು. ನೀರು ಬಿಡುವ ವಾಟರ್‌ಮನ್ ಮೇಲೆ ಇದನ್ನು ಕೋಲಿನಂತೆ ಬೀಸುವುದೂ ಬೇಡ. ಎತ್ತರದ ಮನೆಗೆ ನೀರು ಏರದಿರುವುದಕ್ಕೆ ಆತ ಕಾರಣನಲ್ಲ, ಪೈಪಿನ ಅಳತೆ, ಟ್ಯಾಂಕಿನ ಎತ್ತರ ಕಾರಣ. ಸಾಧ್ಯವಾದರೆ ಆತನನ್ನೂ ಜೊತೆಗೆ ಕೂರಿಸಿಕೊಳ್ಳಿ, ಯಾವ ವಾಲ್ವ್ ಯಾವ ಓಣಿಗೆ ಎಂಬುದು ಆತನಿಗೆ ಗೊತ್ತಿರುವಷ್ಟು ಯಾವ ಕಡತದಲ್ಲೂ ಇಲ್ಲ.

ಗ್ರಾಮಸಭೆಯ ನೋಟಿಸ್ ಬಂದ ಮೇಲೆ ಪಟ್ಟಿ ಶುರುಮಾಡಿದರೆ ತಡವಾಗುತ್ತದೆ, ಒಂದು ವಾರದ ನೀರಿನ ದಿನ ಬರೆದುಕೊಳ್ಳಲು ಒಂದು ವಾರವೇ ಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಮಾಡಿ, ಮಳೆಗಾಲದ ಪಟ್ಟಿ ಒಂದನ್ನೇ ತೋರಿಸಿದರೆ ಎಲ್ಲರ ನಳವೂ ಚಲೋ ಇರುತ್ತದೆ. ಬೆಂಗಳೂರಿಗೆ ಹೋದ ಒಂಬತ್ತನೇ ಮನೆಯವರು ಊರ ಜಾತ್ರೆಗೆ ಬಂದೇ ಬರುತ್ತಾರೆ. ಆಗ ಹೋಗಿ ನಳ ತಿರುಗಿಸಿ ನೋಡಿ, ಡಿ10ರ ಖಾಲಿ ಚೌಕ ತುಂಬಿ.